ಹನ್ನೊಂದು ಹುಣಸೆಬೀಜ

ಹಲಸೂರಿನ ಸೋಮೇಶ್ವರ ದೇವಸ್ಥಾನದ ಹಿಂದಿನ ಓಣಿ, ಮೂರನೇ ಮಹಡಿಯ ಬಾಡಿಗೆ ಮನೆ. ಏಪ್ರಿಲ್ ತಿಂಗಳ ಮಧ್ಯಾಹ್ನ. ಐದು ತಿಂಗಳ ಗಂಡುಕೂಸು ಸೀರೆಯ ಜೋಲಿಯಲ್ಲಿ ಮಲಗಿದೆ. ನಾಲ್ಕೂವರೆ ವರ್ಷದ ಮಗಳು ಅತ್ತು ಅತ್ತು ಸಾಕಾಗಿ ಚಾಪೆಯ ಮೇಲೆ ನಿದ್ದೆಹೋಗಿದ್ದಾಳೆ. ತಾಯಿ ಒಣಗಿದ ಬಟ್ಟೆ ಮಡಚುತ್ತಿದ್ದಾಳೆ. ಕೆ.ಆರ್.ಪುರದಿಂದ ವಾರಕ್ಕೆ ಮೂರು ದಿನ ಬಂದುಹೋಗುವ ದೊಡ್ಡಮ್ಮ ಮೊರದ ಮುಂದೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಾರೆ. ಮೂವತ್ತು ವರ್ಷ ಅಂಗನವಾಡಿಯಲ್ಲಿ ಮಕ್ಕಳ ನಡುವೆ ಇದ್ದು ನಿವೃತ್ತರಾದವರು.

ದೊಡ್ಡಮ್ಮ: ಆ ಬಟ್ಟೆ ಅಲ್ಲೇ ಇರಲಿ ಕಣಮ್ಮ. ಇಬ್ಬರೂ ಮಲಗಿದಾರೆ, ಸ್ವಲ್ಪ ಹೊತ್ತು ಕಾಲು ಚಾಚಿ ಕೂತ್ಕೊ.

ತಾಯಿ: ಇಬ್ಬರೂ ಒಟ್ಟಿಗೆ ಮಲಗೋದು ದಿನಕ್ಕೆ ಈ ಅರ್ಧ ಗಂಟೆ ಮಾತ್ರ ದೊಡ್ಡಮ್ಮ. ಇದರಲ್ಲೇ ಬಟ್ಟೆ, ಪಾತ್ರೆ, ನನ್ನ ಊಟ ಎಲ್ಲಾ ಮುಗೀಬೇಕು. ಕೂತರೆ ಮತ್ತೆ ಏಳೋಕಾಗಲ್ಲ.

ದೊಡ್ಡಮ್ಮ: ಪಾತ್ರೆ ನಾನು ತೊಳೀತೀನಿ. ಇಲ್ಲಿ ಬಾ, ಮೊರದ ಅಂಚಿನಲ್ಲಿ ಬೇರೆ ಇಟ್ಟಿದೀನಲ್ಲ, ಆ ಬೀಜ ಎಣಿಸು.

ತಾಯಿ: ಒಂದು, ಎರಡು... ಹನ್ನೊಂದು. ಯಾಕೆ, ಇವಳಿಗೆ ಚೌಕಾಬಾರ ಹೇಳಿಕೊಡ್ತೀರಾ?

ದೊಡ್ಡಮ್ಮ: ಅದಕ್ಕಲ್ಲ. ಬೆಳಗ್ಗೆ ಹತ್ತು ಗಂಟೆಗೆ ಈ ಮೊರ ಹಿಡಿದು ಕೂತೆ. ಅಲ್ಲಿಂದ ನೀನು ಆ ಮಗುವಿಗೆ 'ನೀನು ದೊಡ್ಡೋಳಲ್ವಾ' ಅಂದಾಗೆಲ್ಲ ಒಂದೊಂದು ಬೀಜ ಪಕ್ಕಕ್ಕೆ ಇಟ್ಟೆ. ಎರಡು ಗಂಟೆಗೆ ಹನ್ನೊಂದಾಯ್ತು.

ತಾಯಿ: ಅಷ್ಟು ಸಲ ಅಂದೆನಾ?

ದೊಡ್ಡಮ್ಮ: ತಿಂಡಿ ತಟ್ಟೆ ಬಿಟ್ಟು ಎದ್ದಾಗ ಒಂದು. ನೀನು ಮಗುವಿಗೆ ಹಾಲು ಕುಡಿಸ್ತಿದ್ದಾಗ ಬೆನ್ನ ಮೇಲೆ ಬಿದ್ದಳು, ಆಗ ಎರಡು. ಪಾಪುವಿನ ಬಾಟಲಿಯಲ್ಲಿ ನನಗೂ ನೀರು ಕೊಡು ಅಂತ ಹಟ ಮಾಡಿದಾಗ ಒಂದು. ಚಪ್ಪಲಿ ತಾನೇ ಹಾಕ್ಕೊಳ್ಳಲ್ಲ ಅಂದಾಗ ಒಂದು. ಹಾಗೇ ಹೋಯ್ತು. ಕೊನೇದು, ತಮ್ಮನ ತೊಡೆ ಚಿವುಟಿದಳಲ್ಲ, ಅವಳ ಬೆನ್ನಿಗೊಂದು ಏಟು ಕೊಟ್ಟು ಅಂದೆ.

ತಾಯಿ: ಆ ಏಟಿಗೆ ನನಗೇ ಕೈ ಉರೀತಿದೆ. ಆದರೆ ಏನು ಮಾಡಲಿ ಹೇಳಿ? ಕೂಸಿನ ತೊಡೆಯಲ್ಲಿ ಉಗುರಿನ ಗುರುತು ಮೂಡಿತ್ತು. ಒಂದು ವರ್ಷದಿಂದ ಹಾಸಿಗೆ ಒಣಗಿಯೇ ಇತ್ತು, ಈಗ ವಾರಕ್ಕೆ ಮೂರು ದಿನ ಒದ್ದೆ ಮಾಡ್ತಾಳೆ. ಮೊದಲು ತಾನೇ ಕಲಸಿಕೊಂಡು ತಿಂತಿದ್ದಳು, ಈಗ ತುತ್ತು ಮಾಡಿ ಬಾಯಿಗೆ ಇಡಬೇಕು. ಮೊನ್ನೆ ಜೋಲಿಯಲ್ಲಿ ತಾನೂ ಮಲಗ್ತೀನಿ ಅಂತ ಹತ್ತಿ, ಸೀರೆಯ ಗಂಟೇ ಸಡಿಲವಾಯ್ತು. ಇವಳಿಗೆ ನಾನು ಏನು ಕಡಿಮೆ ಮಾಡಿದೀನಿ?

ದೊಡ್ಡಮ್ಮ: ನೀನೇನೂ ಕಡಿಮೆ ಮಾಡಿಲ್ಲ. ಅವಳು ಏನು ನೋಡಿದಾಳೆ ಅಂತ ಯೋಚನೆ ಮಾಡು. ಮನೆಗೊಂದು ಕೂಸು ಬಂತು. ಅದು ಅತ್ತರೆ ಎಲ್ಲರೂ ಓಡಿಬರ್ತಾರೆ. ಉಚ್ಚೆ ಹೊಯ್ದರೆ ಯಾರೂ ಬೈಯಲ್ಲ, ನಕ್ಕು ಬಟ್ಟೆ ಬದಲಾಯಿಸ್ತಾರೆ. ಊಟ ಬಾಯಿಗೇ ಬರುತ್ತೆ, ಮಲಗೋಕೆ ಜೋಲಿ ಇದೆ, ಅಮ್ಮನ ಮಡಿಲು ಯಾವಾಗಲೂ ಇದೆ. ಈ ಮನೆಯಲ್ಲಿ ಅಮ್ಮ ಸಿಗಬೇಕಾದರೆ ಹೀಗಿರಬೇಕು ಅಂತ ಅವಳು ಕಂಡುಕೊಂಡಿದಾಳೆ. ಅದನ್ನೇ ಮಾಡಿ ನೋಡ್ತಿದಾಳೆ. ನಾಲ್ಕೂವರೆ ವರ್ಷದ ಬುದ್ಧಿಗೆ ಇದಕ್ಕಿಂತ ಸರಿಯಾದ ದಾರಿ ಇನ್ಯಾವುದು?

ತಾಯಿ: ಹಾಸಿಗೆ ವಿಚಾರಕ್ಕೆ ಡಾಕ್ಟರಿಗೆ ತೋರಿಸಬೇಕಾ?

ದೊಡ್ಡಮ್ಮ: ಉಚ್ಚೆ ಹೊಯ್ಯುವಾಗ ನೋವು, ಉರಿ, ಜ್ವರ, ಅತಿಯಾದ ಬಾಯಾರಿಕೆ ಇದ್ದರೆ ತಪ್ಪದೆ ತೋರಿಸು. ಅವಳಿಗೆ ಅದ್ಯಾವುದೂ ಇಲ್ಲ. ಐದು ವರ್ಷ ತುಂಬೋವರೆಗೆ ರಾತ್ರಿ ಹಾಸಿಗೆ ಒದ್ದೆಯಾಗೋದನ್ನ ವೈದ್ಯರು ಕಾಯಿಲೆ ಅಂತ ಕರೆಯೋದೇ ಇಲ್ಲ. ತಮ್ಮನೋ ತಂಗಿಯೋ ಹುಟ್ಟಿದ ಮನೆಯಿಂದ ಬರ್ತಿದ್ದ ಎಷ್ಟು ಮಕ್ಕಳನ್ನ ನಾನು ಅಂಗನವಾಡಿಯಲ್ಲಿ ನೋಡಿದೀನಿ! ಚೆನ್ನಾಗಿ ಮಾತಾಡ್ತಿದ್ದ ಮಗು ತೊದಲು ಮಾತು ಶುರುಮಾಡೋದು, ನಗ್ತಾ ಬರ್ತಿದ್ದ ಮಗು ಬಾಗಿಲಲ್ಲಿ ಅಮ್ಮನ ಸೆರಗು ಬಿಡದೇ ಇರೋದು. ಬೈದ ಮನೆಗಳಲ್ಲಿ ಇದು ತಿಂಗಳುಗಟ್ಟಲೆ ಎಳೀತು. ಎತ್ತಿಕೊಂಡ ಮನೆಗಳಲ್ಲಿ ಬೇಗ ಹೋಯ್ತು.

ತಾಯಿ: ಆದರೂ ಅವಳು ಮೊದಲನೇದಲ್ವಾ ದೊಡ್ಡಮ್ಮ? ಸ್ವಲ್ಪವಾದರೂ ಜವಾಬ್ದಾರಿ ಬರಬೇಕಲ್ಲ.

ದೊಡ್ಡಮ್ಮ: ಅವಳು ದೊಡ್ಡೋಳು ಅಂತ ತೀರ್ಮಾನ ಮಾಡಿದ್ದು ಯಾರು? ಮೆಟ್ರೋದವರು ಮೂರಡಿ ಎತ್ತರ ದಾಟಿದರೆ ಟಿಕೆಟ್ ಅಂತಾರೆ. ಅವರ ಲೆಕ್ಕಕ್ಕೆ ಅವಳು ದೊಡ್ಡೋಳಾಗಿ ಒಂದೂವರೆ ವರ್ಷವೇ ಆಗಿರಬೇಕು. ಅವಳನ್ನ ಬಂಗಾರಪೇಟೆಗೆ, ನಿಮ್ಮಮ್ಮನ ಮನೆಗೆ ರೈಲಿನಲ್ಲಿ ಕರ್ಕೊಂಡು ಹೋಗು. ಐದು ವರ್ಷ ತುಂಬದ ಮಗುವಿಗೆ ಟಿಕೆಟ್ಟೇ ಬೇಡ. ಅಂಗನವಾಡಿಯ ಲೆಕ್ಕದಲ್ಲಿ ಶಾಲೆಗೆ ಮುಂಚಿನ ವಯಸ್ಸು ಅಂದರೆ ಮೂರರಿಂದ ಆರು. 2009ರ ಶಿಕ್ಷಣ ಹಕ್ಕು ಕಾಯ್ದೆ ಮಗುವನ್ನ ಶಾಲೆಯ ಲೆಕ್ಕಕ್ಕೆ ತಗೊಳ್ಳೋದೇ ಆರನೇ ವರ್ಷದಿಂದ. ಇನ್ನೊಂದು ಹೇಳ್ತೀನಿ. ಬೀರುವಿನಲ್ಲಿ ಇಟ್ಟಿದೀಯಲ್ಲ ಇಬ್ಬರ ಲಸಿಕೆ ಕಾರ್ಡು, ತೆಗೆದು ನೋಡು.

ತಾಯಿ: ಪಾಪುವಿಗೆ ಆರು, ಹತ್ತು, ಹದಿನಾಲ್ಕು ವಾರದ್ದು ಮೂರೂ ಆಗಿದೆ. ಇನ್ನು ಒಂಬತ್ತು ತಿಂಗಳಿಗೆ ದಡಾರ-ರುಬೆಲ್ಲಾದು.

ದೊಡ್ಡಮ್ಮ: ಅವನದು ನಿನಗೆ ಬಾಯಿಪಾಠ. ಅವಳದು?

ತಾಯಿ: ಅವಳದು ಮುಗೀತಲ್ಲ?

ದೊಡ್ಡಮ್ಮ: ಮುಗಿದಿಲ್ಲ. ಐದರಿಂದ ಆರು ವರ್ಷದೊಳಗೆ ಇನ್ನೊಂದು ಡಿಪಿಟಿ ಬೂಸ್ಟರ್ ಇದೆ. ಲಸಿಕೆ ಪಟ್ಟಿಯಲ್ಲೇ ಅವಳಿನ್ನೂ ಚುಚ್ಚುಮದ್ದು ಬಾಕಿ ಇರೋ ಮಗು. ಅವಳನ್ನ ಪೂರ್ತಿ ದೊಡ್ಡೋಳು ಮಾಡಿಬಿಟ್ಟಿರೋದು ಈ ಮನೆ, ಈ ಓಣಿ. ಅದೂ ಒಂದೇ ರಾತ್ರಿಯಲ್ಲಿ. ನೀನು ಆಸ್ಪತ್ರೆಗೆ ಹೋದ ದಿನ ಅವಳು ನಿನ್ನ ಪಾಪು. ಮೂರನೇ ದಿನ ನೀನು ಮನೆಗೆ ಬಂದಾಗ ದೊಡ್ಡೋಳು. ಆ ಮೂರು ದಿನದಲ್ಲಿ ಅವಳು ಒಂದು ಇಂಚಾದರೂ ಬೆಳೆದಿದ್ದಳಾ?

ತಾಯಿ: ಓಣಿ ಅಂದಿರಲ್ಲ, ನಿಜ ದೊಡ್ಡಮ್ಮ. ಕೆಳಗಿನ ಮನೆ ತಮಿಳಿನ ಅಮ್ಮ ಇವಳನ್ನ ಕಂಡರೆ 'ಅಕ್ಕಾ' ಅಂತಾರೆ. ಹೂವಿನ ಅಂಗಡಿ ತೆಲುಗಿನವರೂ 'ಅಕ್ಕಾ' ಅಂತಾರೆ. ನಾವಂತೂ 'ಅಕ್ಕ' ಅಂತೀವಿ. ಎದುರುಮನೆಯವರು 'ಆಪಾ' ಅಂತಾರೆ. ಎಲ್ಲರೂ ಪ್ರೀತಿಯಿಂದಲೇ ಕರೆಯೋದು.

ದೊಡ್ಡಮ್ಮ: ಪ್ರೀತಿಯೇ. ಹಲಸೂರಿನ ಓಣಿ ಅಂದರೆ ಮಗುವನ್ನ ನಾಲ್ಕು ಭಾಷೆಯಲ್ಲಿ ಮುದ್ದು ಮಾಡೋ ಓಣಿ. ಆದರೆ ಲೆಕ್ಕ ಹಾಕು, ಐದು ತಿಂಗಳಿಂದ ಅವಳನ್ನ ಅವಳ ಹೆಸರು ಹಿಡಿದು ಕರೆದೋರು ಎಷ್ಟು ಜನ? ನೀನು ಎಷ್ಟು ಸಲ ಕರೆದೆ? 'ಅಕ್ಕ ಬಂದಳು ನೋಡು', 'ಅಕ್ಕಂಗೆ ಟಾಟಾ ಮಾಡು'. ಅವಳಿಗೆ ಒಂದು ಹೆಸರಿತ್ತು. ಅದು ಇವನ ನಾಮಕರಣದ ದಿನವೇ ಕಳೆದುಹೋಯ್ತು.

ತಾಯಿ: ಅವತ್ತು ಬಂದೋರೆಲ್ಲ ಇವನಿಗೆ ಬಟ್ಟೆ, ಬೆಳ್ಳಿ ಉಡುದಾರ, ಗಿಲಕಿ ತಂದಿದ್ದರು. ಇವಳು ಪ್ರತಿಯೊಂದು ಪೊಟ್ಟಣವನ್ನೂ ಬಿಚ್ಚಿ ನೋಡಿದಳು. ಆಮೇಲೆ ನನ್ನ ಹತ್ತಿರ ಬಂದು, 'ನನ್ನ ಹೆಸರಿಂದು ಯಾವುದು?' ಅಂದಳು. ನಾನು ಜನರ ಮಧ್ಯೆ ಇದ್ದೆ. 'ನೀನು ದೊಡ್ಡೋಳಲ್ವಾ' ಅಂದೆ.

ದೊಡ್ಡಮ್ಮ: ಗಂಡುಮಗು ಬಂತು ಅಂತ ಸಂಭ್ರಮ ಬೇರೆ. ಹೆಣ್ಣುಮಗುವಿನ ಕಿವಿ ಚುರುಕು ಕಣಮ್ಮ. 'ಮೊದಲನೇದು ಹೆಣ್ಣು, ಈಗ ಗಂಡು, ಸರಿಹೋಯ್ತು' ಅಂತ ಯಾರೋ ಹೇಳಿದ್ದು ನನ್ನ ಕಿವಿಗೂ ಬಿತ್ತು. ಏನು ಸರಿಹೋಯ್ತು? ಮೊದಲು ಏನು ಕೆಟ್ಟಿತ್ತು? ಅಂಥ ಮಾತನ್ನ ಅಲ್ಲೇ ತಡೀಬೇಕಿತ್ತು. ನಾನೂ ಸುಮ್ಮನಿದ್ದುಬಿಟ್ಟೆ. ಅದು ನನ್ನ ತಪ್ಪು.

ತಾಯಿ: ನೀವು ಈ ಒಂದು ಮಾತನ್ನ ಇಷ್ಟು ಹಿಡಿದುಕೊಂಡಿದೀರಲ್ಲ ದೊಡ್ಡಮ್ಮ, ಯಾಕೆ?

ದೊಡ್ಡಮ್ಮ: ನನ್ನ ಮಂಡಿ ನೋಡು. ಈ ಗುರುತು ಕಾಣುತ್ತಾ?

ತಾಯಿ: ಚಿಕ್ಕಂದಿನಿಂದ ನೋಡಿದೀನಿ. ಯಾವತ್ತೂ ಕೇಳಿರಲಿಲ್ಲ.

ದೊಡ್ಡಮ್ಮ: ಆಗ ನನಗೆ ಏಳು ವರ್ಷ, ನಿಮ್ಮಮ್ಮನಿಗೆ ಒಂದು. ಮಾಲೂರಿನ ಹತ್ತಿರ ನಮ್ಮೂರು. ನಮ್ಮಮ್ಮ ರಾಗಿ ಹೊಲಕ್ಕೆ ಕಳೆ ಕೀಳೋಕೆ ಹೋಗ್ತಿದ್ದರು. ಕೂಸನ್ನ ನನ್ನ ಸೊಂಟಕ್ಕೆ ಕೂರಿಸಿ, 'ನೀನು ದೊಡ್ಡೋಳು, ನೋಡ್ಕೊ' ಅಂತ ಹೇಳಿ ಹೊರಡೋರು. ನಿಮ್ಮಮ್ಮ ಬೆಳೆದಿದ್ದು ನೆಲದ ಮೇಲಲ್ಲ, ನನ್ನ ಎಡಸೊಂಟದ ಮೇಲೆ. ಒಂದು ದಿನ ಗೆಳತಿಯರು ಕುಂಟೆಬಿಲ್ಲೆ ಆಡ್ತಿದ್ದರು. ನಾನೂ ಒಂದು ಕಾಲಲ್ಲಿ ಕುಪ್ಪಳಿಸಿದೆ, ಕೂಸು ಸೊಂಟದಲ್ಲೇ ಇತ್ತು. ಜಗಲಿ ಕಟ್ಟೆಯ ಕಲ್ಲಿಗೆ ಮಂಡಿ ಬಡೀತು. ಕೂಸಿಗೆ ಏನೂ ಆಗಲಿಲ್ಲ, ನಾನೇ ಕೆಳಗೆ ಬಿದ್ದು ಅದನ್ನ ಮೇಲೆ ಹಿಡ್ಕೊಂಡಿದ್ದೆ. ಅದು ಹೆದರಿ ಕಿರುಚಿತು. ಎಲ್ಲರೂ ಓಡಿಬಂದರು. ಕೂಸನ್ನ ಎತ್ತಿ, ತಡವಿ, ದೃಷ್ಟಿ ತೆಗೆದರು. ನನಗೆ ಏಟು ಬಿತ್ತು. ಮಂಡಿಯಿಂದ ರಕ್ತ ಹರೀತಿತ್ತು. ಅದನ್ನ ಸಾಯಂಕಾಲ ದೀಪ ಹಚ್ಚೋ ಹೊತ್ತಿಗೆ ನಾನೇ ತೊಳ್ಕೊಂಡೆ.

ತಾಯಿ: ದೊಡ್ಡಮ್ಮ...

ದೊಡ್ಡಮ್ಮ: ನಮ್ಮಮ್ಮ ಕೆಟ್ಟವರಲ್ಲ. ಕಳೆ ಕೀಳದೆ ಇದ್ದರೆ ರಾಗಿ ಇಲ್ಲ, ರಾಗಿ ಇಲ್ಲದೆ ಇದ್ದರೆ ಮುದ್ದೆ ಇಲ್ಲ. ಕೂಸು ನೋಡ್ಕೊಳ್ಳೋಕೆ ಇನ್ನೊಂದು ಕೈ ಆ ಮನೆಯಲ್ಲಿ ಇರಲಿಲ್ಲ. ಆ ವರ್ಷ ನಾನು ಶಾಲೆಗೆ ಹೋದ ದಿನಗಳಿಗಿಂತ ಹೋಗದ ದಿನಗಳೇ ಹೆಚ್ಚು. ಮುಂದೆ ಕಷ್ಟಪಟ್ಟು ಎಸ್ಸೆಸ್ಸೆಲ್ಸಿ ಮಾಡ್ಕೊಂಡೆ. ನನ್ನ ಹಾಗೆ ಎಷ್ಟು ಹುಡುಗೀರ ಸೊಂಟದ ಮೇಲೆ ಈ ದೇಶದ ಕೂಸುಗಳು ಬೆಳೆದವು ಅಂತ ಲೆಕ್ಕ ಇಟ್ಟೋರಿಲ್ಲ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯ್ತು. ನಮ್ಮ ರಾಜ್ಯದಲ್ಲಿ ಮೊದಲು ತಿ.ನರಸೀಪುರದಲ್ಲಿ. ನಾನು ಆ ಕೆಲಸಕ್ಕೆ ಸೇರಿದಾಗ ತರಬೇತಿಯಲ್ಲಿ ಒಂದು ಮಾತು ಹೇಳಿದರು: 1986ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೇ ಬರೆದಿದಾರಂತೆ, ಚಿಕ್ಕ ಮಕ್ಕಳಿಗೆ ಆರೈಕೆಯ ಜಾಗ ಇದ್ದರೆ ತಮ್ಮ-ತಂಗೀರನ್ನ ನೋಡ್ಕೊಳ್ಳೋ ಹುಡುಗೀರು ಶಾಲೆಗೆ ಬರೋಕೆ ಆಗುತ್ತೆ ಅಂತ. ಅವತ್ತು ನನಗೆ ಕಣ್ಣು ತುಂಬಿ ಬಂತು. ನನ್ನ ಸೊಂಟದ ನೋವು ಅದರಲ್ಲಿತ್ತು. ಆ ದಿನದಿಂದ ಮೂವತ್ತು ವರ್ಷ, ಕೂಸನ್ನ ಎತ್ತಿಕೊಂಡು ಬಾಗಿಲಿಗೆ ಬಂದ ಪ್ರತಿ ಹುಡುಗಿಯ ಕೈಯಿಂದ ಕೂಸನ್ನ ಇಳಿಸ್ಕೊಂಡೆ. ಇಳಿಸ್ಕೊಂಡು ಅವಳ ಹೆಸರು ಕೇಳ್ತಿದ್ದೆ.

ತಾಯಿ: ನಾನು ಇವಳ ಸೊಂಟಕ್ಕೆ ಕೂಸು ಕೊಟ್ಟಿಲ್ಲ ದೊಡ್ಡಮ್ಮ.

ದೊಡ್ಡಮ್ಮ: ಸೊಂಟಕ್ಕೆ ಕೊಟ್ಟಿಲ್ಲ, ತಲೆಗೆ ಕೊಟ್ಟಿದೀಯ. ನಿನ್ನೆ ಒಲೆ ಮೇಲೆ ಹಾಲು ಉಕ್ಕಿತು ಅಂತ ಓಡಿದೆ, 'ಅಕ್ಕ, ತಮ್ಮನ್ನ ನೋಡ್ಕೊ' ಅಂದೆ. ಮಂಚದ ಮೇಲೆ ಕೂಸು. ಐದು ತಿಂಗಳಿಗೆ ಮಗುಚಿಕೊಳ್ಳುತ್ತೆ, ಉರುಳುತ್ತೆ. ಬಿದ್ದಿದ್ದರೆ? ತಪ್ಪು ಯಾರದಾಗ್ತಿತ್ತು? ಬಚ್ಚಲಲ್ಲಿ ಬಿಸಿನೀರಿನ ಬಕೆಟ್ ಇರುತ್ತೆ, ಇದು ಮೂರನೇ ಮಹಡಿ, ಹೊರಗೆ ಗಿಡ್ಡ ಗೋಡೆ. ಇವರಿಬ್ಬರನ್ನ ಒಂದು ಗಳಿಗೆಯೂ ಒಂಟಿಯಾಗಿ ಬಿಡಬೇಡ. ಅವಳು ಕೆಟ್ಟವಳು ಅಂತಲ್ಲ, ಅವಳಿಗಿನ್ನೂ ನಾಲ್ಕೂವರೆ ವರ್ಷ ಅಂತ. ದೊಡ್ಡೋಳು ಅಂತ ನಾವು ಹೇಳ್ತಾ ಹೇಳ್ತಾ ನಾವೇ ಅದನ್ನ ನಂಬಿಬಿಡ್ತೀವಿ. ಅಪಾಯ ಇರೋದು ಅಲ್ಲೇ. ಒಲೆಗೆ ಓಡುವಾಗ ಕೂಸನ್ನ ನೆಲದ ಚಾಪೆಗೆ ಇಳಿಸಿ ಅವಳನ್ನ ಕರ್ಕೊಂಡು ಓಡು.

ತಾಯಿ: ಹಾಗಾದರೆ ಚಿವುಟಿದರೆ ಸುಮ್ಮನಿರಬೇಕಾ?

ದೊಡ್ಡಮ್ಮ: ಸುಮ್ಮನಿರಬಾರದು. ಆ ಕೈ ಹಿಡ್ಕೊ. ಗಟ್ಟಿಯಾಗಿ, ನೋಯದ ಹಾಗೆ. 'ಅವನಿಗೆ ನೋವಾಗುತ್ತೆ, ಚಿವುಟೋಕೆ ನಾನು ಬಿಡಲ್ಲ' ಅಂತ ಹೇಳು. ಅಷ್ಟು ಸಾಕು. ಆಮೇಲೆ ಅವಳನ್ನ ಮಡಿಲಿಗೆ ಎಳ್ಕೊ. 'ಪಾಪು ಮೇಲೆ ಸಿಟ್ಟು ಬಂತಾ?' ಅಂತ ಕೇಳು. ಹೌದು ಅಂತಾಳೆ. ಹೌದು ಅನ್ನೋಕೆ ಬಿಡು. ಸಿಟ್ಟು ತಪ್ಪಲ್ಲ, ಚಿವುಟೋದು ತಪ್ಪು. ಏಟು ಕೊಟ್ಟು 'ಹೊಡೀಬಾರದು' ಅಂತ ಹೇಳಿದರೆ ಅವಳು ನಿನ್ನ ಮಾತು ನಂಬಬೇಕಾ, ಕೈ ನಂಬಬೇಕಾ?

ತಾಯಿ: ನನಗೂ ಒಂದು ಮಾತು ಹೇಳೋಕಿದೆ. ಬೆಳಗ್ಗೆ ನಾಲ್ಕಕ್ಕೆ ಇವನು ಏಳ್ತಾನೆ. ಹಾಲು ಕುಡಿಸಿ, ತೇಗು ತರಿಸಿ, ಮಲಗಿಸೋ ಹೊತ್ತಿಗೆ ಐದೂವರೆ. ನೀರು ಬರೋ ದಿನವಾದರೆ ಎದ್ದು ಹಿಡೀಬೇಕು. ಇವರು ಏಳೂವರೆಗೆ ವೈಟ್‌ಫೀಲ್ಡ್ ಕೆಲಸಕ್ಕೆ ಮೆಟ್ರೋ ಹತ್ತಬೇಕು, ಡಬ್ಬಿ ಆಗಬೇಕು. ರಾತ್ರಿ ಮೂರು ಸಲ ಏಳ್ತೀನಿ. ಇನ್ನೊಂದು ತಿಂಗಳಿಗೆ ನನ್ನ ಹೆರಿಗೆ ರಜೆ ಮುಗಿಯುತ್ತೆ. ಕಾಯ್ದೆ ಕೊಟ್ಟ 26 ವಾರ ಕಣ್ಣು ಮುಚ್ಚಿ ತೆಗೆಯೋದರಲ್ಲಿ ಹೋಯ್ತು. ಐವತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡೋ ಕಡೆ ಶಿಶುಪಾಲನಾ ಕೋಣೆ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ನೋಡಬಹುದು ಅಂತ 2017ರ ತಿದ್ದುಪಡಿಯಿಂದಲೇ ನಿಯಮ ಇದೆ. ಇಂದಿರಾನಗರದ ನಮ್ಮ ಲೆಕ್ಕಪತ್ರದ ಆಫೀಸಲ್ಲಿ ನಾವಿರೋದು ಹದಿನಾಲ್ಕೇ ಜನ. ಇಷ್ಟೆಲ್ಲ ತಲೆಯಲ್ಲಿ ಇಟ್ಕೊಂಡಿರುವಾಗ ಇವಳು ಬೆನ್ನ ಮೇಲೆ ಬಿದ್ದರೆ, 'ನೀನಾದರೂ ದೊಡ್ಡೋಳಾಗು' ಅಂತ ಬಾಯಿಗೆ ಬರುತ್ತೆ. ಅದು ಬೈಗುಳ ಅಲ್ಲ ದೊಡ್ಡಮ್ಮ. ಅದು ನಾನು ಸಹಾಯ ಕೇಳೋದು.

ದೊಡ್ಡಮ್ಮ: ನೀನು ಹೇಳಿದ್ದು ಸರಿ. ಆದರೆ ಸಹಾಯ ಕೇಳಬೇಕಾದ್ದು ನಾಲ್ಕೂವರೆ ವರ್ಷದವಳನ್ನಲ್ಲ, ದೊಡ್ಡವರನ್ನ. ನನ್ನನ್ನ ಕೇಳು, ನಿನ್ನ ಗಂಡನನ್ನ ಕೇಳು. ಮೊದಲು ಕೆ.ಆರ್.ಪುರದಿಂದ ಬರಬೇಕಾದರೆ ತೂಗುಸೇತುವೆ ಹತ್ತಿರದ ವಾಹನಗಳ ಸಾಲಲ್ಲಿ ಬಸ್ಸಿನೊಳಗೆ ನಿಂತೇ ಸಾಕಾಗ್ತಿತ್ತು. 2023ರ ಅಕ್ಟೋಬರ್ 9ಕ್ಕೆ ಕೆ.ಆರ್.ಪುರ, ಬೈಯಪ್ಪನಹಳ್ಳಿ ನಡುವಿನ ಮೆಟ್ರೋ ಶುರುವಾದ ಮೇಲೆ ಐದನೇ ನಿಲ್ದಾಣಕ್ಕೆ ಹಲಸೂರು. ಮೂರು ದಿನ ಬರ್ತಿರೋಳು ಐದು ದಿನ ಬರ್ತೀನಿ. ನೀನು ಕೆಲಸಕ್ಕೆ ಹೋಗು. ಇನ್ನೊಂದು ಮಾತು. ಬರೀ ಸುಸ್ತಾದರೆ ಮಲಗಿ ಎದ್ದರೆ ಹೋಗುತ್ತೆ. ಮಲಗಿದರೂ ಹೋಗದ ದುಃಖ, ಸುಮ್ಮಸುಮ್ಮನೆ ಅಳು, ಯಾವುದೂ ಬೇಡ ಅನ್ನಿಸೋದು ಎರಡು ವಾರ ಮೀರಿ ಇದ್ದರೆ ನನ್ನ ಹತ್ತಿರ ಮುಚ್ಚಿಡಬೇಡ. ಬಾಣಂತಿಯರಿಗೆ ಅದು ಬರುತ್ತೆ, ಅದಕ್ಕೆ ಚಿಕಿತ್ಸೆ ಇದೆ. ನಾನೇ ಡಾಕ್ಟರ ಹತ್ತಿರ ಕರ್ಕೊಂಡು ಹೋಗ್ತೀನಿ.

ತಾಯಿ: ಅಂಥದ್ದೇನೂ ಇಲ್ಲ. ಸುಸ್ತು ಅಷ್ಟೇ. ಇವಳಿಗೆ ಏನು ಮಾಡಲಿ, ಅದು ಹೇಳಿ.

ದೊಡ್ಡಮ್ಮ: ಸಾಯಂಕಾಲ ನಿನ್ನ ಗಂಡ ಬಂದ ಕೂಡಲೇ ಏನು ಹೇಳ್ತೀಯ?

ತಾಯಿ: 'ಇವಳನ್ನ ಕೆರೆ ಹತ್ತಿರ ಸುತ್ತಾಡಿಸ್ಕೊಂಡು ಬನ್ನಿ' ಅಂತೀನಿ. ಪಾಪ, ಅವರು ದಿನಾ ಕರ್ಕೊಂಡು ಹೋಗ್ತಾರೆ.

ದೊಡ್ಡಮ್ಮ: ಅದನ್ನ ತಿರುಗಿಸು. ಕೂಸಿಗೆ ಹಾಲು ಕುಡಿಸಿ ಅವನ ಕೈಗೆ ಕೊಡು. ಒಂದು ಗಂಟೆ ಕೂಸು ಅಪ್ಪನ ಎದೆಯ ಮೇಲೆ ಇರಲಿ, ಅವನಿಗೂ ಕೈ ಅಭ್ಯಾಸ ಆಗಲಿ. ಅವಳ ಕೈ ಹಿಡಿದು ಹಲಸೂರು ಕೆರೆಗೆ ನೀನು ಹೋಗು. ಅವಳನ್ನ ಅಪ್ಪನ ಜೊತೆ ಕಳಿಸಿದರೆ 'ನನ್ನನ್ನ ಆಚೆ ಕಳಿಸಿ ಅಮ್ಮ ಪಾಪು ಹತ್ತಿರ ಉಳ್ಕೊಂಡಳು' ಅಂತಲೇ ಅವಳಿಗೆ ಅನ್ನಿಸೋದು. ಅವಳಿಗೆ ಬೇಕಾಗಿರೋದು ಕೆರೆ ಅಲ್ಲ, ನೀನು. ದಿನಾ ಆಗದೇ ಇದ್ದರೆ ಎರಡು ದಿನಕ್ಕೊಮ್ಮೆ. ಹೋದಾಗ ಪಾಪು ವಿಷಯ ಎತ್ತಬೇಡ. ದೇವಸ್ಥಾನದ ಜಾತ್ರೆಗೆ ಹೂವಿನ ಪಲ್ಲಕ್ಕಿ ಬರುತ್ತಲ್ಲ, ಆ ರಾತ್ರಿ ಅವಳನ್ನ ಹೆಗಲ ಮೇಲೆ ಕೂರಿಸ್ಕೊಂಡು ತೋರಿಸು.

ತಾಯಿ: ಹಾಲು ಕುಡಿಸುವಾಗಲೇ ಇವಳ ಹಟ ಜಾಸ್ತಿ. ದಿನಕ್ಕೆ ಎಂಟು ಸಲ ಅದೇ ರಾಮಾಯಣ.

ದೊಡ್ಡಮ್ಮ: ಯಾಕೆಂದರೆ ಆಗ ನಿನ್ನ ಎರಡೂ ಕೈ, ಕಣ್ಣು, ಮಡಿಲು ಅವನದು. ಆ ಹೊತ್ತನ್ನೇ ಅವಳದೂ ಮಾಡು. ಬಾಯಿ ಖಾಲಿ ಇದೆಯಲ್ಲ, ಕಥೆ ಹೇಳು. ನನ್ನ ಹತ್ತಿರ ಅನುಪಮಾ ನಿರಂಜನ ಅವರ 'ದಿನಕ್ಕೊಂದು ಕಥೆ' ಇದೆ, ಹನ್ನೆರಡು ಸಂಪುಟ. ಅವರು ವೈದ್ಯೆ. ತಾಯಿ-ಮಗುವಿನ ಆರೈಕೆ ಬಗ್ಗೆ ಬರೆದ ಕೈಯಿಂದಲೇ ಮಕ್ಕಳಿಗೆ ವರ್ಷಪೂರ್ತಿ ಕಥೆಯನ್ನೂ ಬರೆದರು. ಔಷಧಿ ಜೊತೆ ಕಥೆಯೂ ಬೇಕು ಅಂತ ಅವರಿಗೆ ಗೊತ್ತಿತ್ತು. ನಾಳೆ ಒಂದು ಸಂಪುಟ ತರ್ತೀನಿ. ಪುಟ ತಿರುಗಿಸೋ ಕೆಲಸ ಅವಳದು. ಪಾಪು ಹಾಲಿಗೆ ಅಳೋಕೆ ಶುರುಮಾಡಿದರೆ ಅವಳೇ ಪುಸ್ತಕ ಹಿಡಿದು ಓಡಿಬರ್ತಾಳೆ.

ತಾಯಿ: ಅವಳಿಗೆ ಕೆಲಸ ಕೊಡಬಾರದು ಅಂದಿರಿ.

ದೊಡ್ಡಮ್ಮ: ಕಾವಲು ಕೊಡಬಾರದು ಅಂದೆ. ಕೆಲಸ ಕೊಡು. ಮಕ್ಕಳಿಗೆ ಕೆಲಸ ಅಂದರೆ ಹಬ್ಬ. ಮುಂದಿನ ತಿಂಗಳು ಪಾಪುವಿಗೆ ಆರು ತುಂಬುತ್ತೆ. ಅಲ್ಲಿವರೆಗೆ ಎದೆಹಾಲು ಬಿಟ್ಟು ಬೇರೇನೂ ಬೇಡ, ನೀರೂ ಬೇಡ. ಬಾಟಲಿಯಲ್ಲಿ ನೀರು ಕೊಡೋದನ್ನ ಇವತ್ತಿಗೇ ನಿಲ್ಲಿಸು. ಆಮೇಲೆ ರಾಗಿ ಸರಿ ಶುರು, ಎದೆಹಾಲೂ ಮುಂದುವರೀಲಿ. ಆ ರಾಗಿ ಹಿಟ್ಟು ಮಾಡೋಕೆ ಅವಳನ್ನ ಸೇರಿಸ್ಕೊಳ್ಳೋಣ. ರಾಗಿ ಆರಿಸೋದು, ತೊಳೆಯೋದು, ರಾತ್ರಿ ನೆನೆ ಹಾಕೋದು. ಬೆಳಗ್ಗೆ ನೀರು ಬಸಿದು ತೆಳು ಬಟ್ಟೆಯಲ್ಲಿ ಗಂಟು ಕಟ್ಟೋದು. ಮಾರನೇ ದಿನ ಗಂಟು ಬಿಚ್ಚಿದರೆ ಒಂದೊಂದು ಕಾಳಿಗೂ ಬಿಳೀ ಬಾಲ ಬಂದಿರುತ್ತೆ. ಆ ಗಂಟನ್ನ ಅವಳ ಕೈಲೇ ಬಿಚ್ಚಿಸು. ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ, ವಸ್ತ್ರಗಾಳಿ ಹಿಡಿಯುವಾಗ ಬಟ್ಟೆಯ ಒಂದು ಮೂಲೆ ಅವಳು ಹಿಡ್ಕೊಳ್ಳಲಿ.

ತಾಯಿ: ಮೊಳಕೆ ಬರಿಸೋದು ಅಷ್ಟು ಮುಖ್ಯನಾ? ಅಂಗಡಿಯಲ್ಲಿ ಸಿದ್ಧ ಹಿಟ್ಟು ಸಿಗುತ್ತೆ.

ದೊಡ್ಡಮ್ಮ: ಬರೀ ಹಿಟ್ಟು ಕಾಯಿಸಿದರೆ ಬೇಗ ಗಟ್ಟಿಯಾಗುತ್ತೆ, ಕೂಸು ನುಂಗಲಿ ಅಂತ ನೀರು ಸುರಿದು ತೆಳ್ಳಗೆ ಮಾಡ್ತೀವಿ. ಹೊಟ್ಟೆಗೆ ಹೋಗೋದು ನೀರೇ. ಮೊಳಕೆ ಬಂದಾಗ ಕಾಳಿನೊಳಗಿನ ಪಿಷ್ಟ ಒಡೆದಿರುತ್ತೆ, ಆದ್ದರಿಂದ ಹೆಚ್ಚು ಹಿಟ್ಟು ಹಾಕಿದರೂ ಸರಿ ತೆಳ್ಳಗೇ ಇರುತ್ತೆ. ಅದೇ ಸಣ್ಣ ಬಟ್ಟಲಲ್ಲಿ ಹೆಚ್ಚು ಸತ್ವ. ಕಬ್ಬಿಣದ ಅಂಶವೂ ಮೈಗೆ ಚೆನ್ನಾಗಿ ಹತ್ತುತ್ತೆ. ರಾಗಿಯಲ್ಲಿ ನೂರು ಗ್ರಾಂಗೆ 300 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದ ಅಂಶ ಇದೆ. ಮೊದಲ ದಿನದ ಸರಿಯನ್ನ ಎರಡು ಬಟ್ಟಲಿಗೆ ಹಾಕು. ಒಂದು ಅವನಿಗೆ, ಒಂದು ಅವಳಿಗೆ. ಅವಳೂ ತಿನ್ನಲಿ. ಅವಳಿಗಿನ್ನೂ ಸರಿ ತಿನ್ನೋ ವಯಸ್ಸೇ.

ತಾಯಿ: ನಾನು ಹುಟ್ಟಿದಾಗ ಅಣ್ಣನಿಗೆ ಮೂರು ವರ್ಷ ಅಲ್ವಾ? ಅವನು ಏನು ಮಾಡಿದ?

ದೊಡ್ಡಮ್ಮ: ನೀನು ಹುಟ್ಟಿದ್ದು ಶಿವಾಜಿನಗರದ ಘೋಷಾ ಆಸ್ಪತ್ರೆಯಲ್ಲಿ. ಪರದೆಯಲ್ಲಿರೋ ಹೆಂಗಸರೂ ಸಂಕೋಚವಿಲ್ಲದೆ ಬರಲಿ ಅಂತ ಹಾಜಿ ಸರ್ ಇಸ್ಮಾಯಿಲ್ ಸೇಠ್ ಕಟ್ಟಿಸಿಕೊಟ್ಟಿದ್ದು. ಎಲ್ಲ ಜಾತಿ, ಎಲ್ಲ ಮತದ ಕೂಸುಗಳೂ ಅಲ್ಲಿ ಒಂದೇ ಸಾಲಲ್ಲಿ ಅಳ್ತಿದ್ದವು. ನಿಮ್ಮಣ್ಣನನ್ನ ನಾನು ಒಳಗೆ ಕರ್ಕೊಂಡು ಹೋಗಲಿಲ್ಲ. 'ಅಮ್ಮ ಎಲ್ಲಿ' ಅಂತ ಹೊರಗೆ ನಿಂತು ಒಂದೇ ಸಮ ಅಳ್ತಿದ್ದ. ರಸೆಲ್ ಮಾರುಕಟ್ಟೆಗೆ ಕರ್ಕೊಂಡು ಹೋಗಿ ಹಣ್ಣಿನ ರಾಶಿ, ಹೂವಿನ ರಾಶಿ ತೋರಿಸಿದೆ. ಒಂದು ಸೀಬೆಹಣ್ಣು ಕೊಡಿಸಿದೆ. ಅವನು ತಿನ್ನಲಿಲ್ಲ, ಅಮ್ಮನಿಗೆ ಅಂತ ಜೇಬಲ್ಲಿ ಇಟ್ಕೊಂಡ. ನಾಲ್ಕನೇ ದಿನ ನಿಮ್ಮಮ್ಮ ಮನೆಗೆ ಬಂದಾಗ ನಿನ್ನನ್ನ ನನ್ನ ಕೈಗೆ ಕೊಡೋಕೆ ನಾನೇ ಹೇಳಿದೆ. 'ಬರೀ ಕೈಯಲ್ಲಿ ಒಳಗೆ ಹೋಗು, ಮೊದಲು ಅವನನ್ನ ಎತ್ಕೊ' ಅಂದೆ. ಹಾಗೇ ಮಾಡಿದಳು. ನನಗೆ ಯಾರೂ ಮಾಡದೇ ಇದ್ದಿದ್ದನ್ನ ನಿಮ್ಮಣ್ಣನಿಗೆ ಮಾಡಿಸಿದೆ.

ತಾಯಿ: ಇವನನ್ನ ಮನೆಗೆ ತಂದಾಗ ನನಗೆ ಯಾರೂ ಹೇಳಲಿಲ್ಲ.

ದೊಡ್ಡಮ್ಮ: ಈಗ ಹೇಳ್ತಿದೀನಿ. ತಡವಾಗಿಲ್ಲ. ನಾಲ್ಕೂವರೆ ವರ್ಷದವರು ಬೇಗ ಕ್ಷಮಿಸ್ತಾರೆ. ಇವತ್ತು ಬೆಳಗ್ಗೆ, ನೀನು ಕೆಳಗೆ ಹಾಲಿಗೆ ಹೋಗಿದ್ದಾಗ, ಪಾಪುವಿಗೆ ಎಣ್ಣೆ ಹಚ್ಚಿ ಕಾಲ ಮೇಲೆ ಮಲಗಿಸ್ಕೊಂಡು ನೀರು ಹಾಕಿದೆನಲ್ಲ, ಅವಳು ಬಾಗಿಲಲ್ಲಿ ನಿಂತು ನೋಡ್ತಿದ್ದಳು. 'ಅಜ್ಜಿ, ನನಗೂ ಹಾಗೇ ಹಾಕು' ಅಂದಳು. ಹಾಕಿದೆ. ಕಾಲು ನೀಡಿ ಕೂತು ಅವಳನ್ನ ಮಲಗಿಸ್ಕೊಂಡೆ. ಅವಳ ತಲೆ ನನ್ನ ಪಾದದ ಹತ್ತಿರ, ಅವಳ ಕಾಲು ನನ್ನ ಮಡಿಲು ದಾಟಿ ಹಿಂದಿನ ಗೋಡೆಗೆ ತಾಗ್ತಿತ್ತು. ಹಣೆಗೆ ಕೈ ಅಡ್ಡ ಹಿಡಿದು, ಕಣ್ಣಿಗೆ ನೀರು ಬೀಳದ ಹಾಗೆ ಬಿಸಿನೀರು ಹಾಕಿದೆ. ಅವಳು ಕಣ್ಣು ಮುಚ್ಚಿ ಅಲುಗದೆ ಮಲಗಿದ್ದಳು. ಬಟ್ಟೆಯಲ್ಲಿ ಸುತ್ತಿ ಸಾಂಬ್ರಾಣಿ ಹೊಗೆಗೆ ಕೂದಲು ಒಡ್ಡಿದೆ. ಆಮೇಲೆ ಎತ್ತಿಕೊಂಡು ಹೊರಗೆ ಬರೋಣ ಅಂತ ಹೋದರೆ ಏನಂದಳು ಗೊತ್ತಾ? 'ಬೇಡ ಅಜ್ಜಿ, ನಿನಗೆ ಸೊಂಟ ನೋಯುತ್ತೆ, ನಾನು ದೊಡ್ಡೋಳು, ನಡೀತೀನಿ' ಅಂದಳು.

ತಾಯಿ: ಅವಳೇ ಅಂದಳಾ?

ದೊಡ್ಡಮ್ಮ: ಅವಳೇ ಅಂದಳು. ಅದಕ್ಕೆ ನಾನು ಬೀಜ ಇಡಲಿಲ್ಲ. ಹೊಟ್ಟೆ ತುಂಬ ಚಿಕ್ಕವಳಾಗೋಕೆ ಬಿಟ್ಟರೆ ಮಗು ತಾನಾಗಿ ದೊಡ್ಡದಾಗುತ್ತೆ ಕಣಮ್ಮ. ಆ ಮಾತು ಅವಳ ಬಾಯಿಂದ ಬರಲಿ, ನಮ್ಮ ಬಾಯಿಂದ ಬೇಡ.

ತಾಯಿ: ಎದ್ದಳು ಅನ್ಸುತ್ತೆ, ಕಣ್ಣುಜ್ಜಿಕೊಳ್ತಿದಾಳೆ. ಜೋಲಿಯಲ್ಲಿ ಇವನೂ ಅಲುಗ್ತಿದಾನೆ.

ದೊಡ್ಡಮ್ಮ: ಜೋಲಿಗೆ ನಾನು ಹೋಗ್ತೀನಿ. ನೀನು ಅವಳ ಹತ್ತಿರ ಹೋಗು. ಹೆಸರು ಹಿಡಿದು ಕರಿ.